ಹೊಳಪಿನ ಲೆಕ್ಕ

ಬಿಸಿಲಲ್ಲಿ ಜೇಡರ ಬಲೆ ಥರ ಕಾಣೋ ಗೀರು ತೆಗೆಯೋಕೆ ಕಾರ್ ಡೀಟೇಲಿಂಗ್‌ನವರು 18,000 ರೂಪಾಯಿ ಕೇಳಿದ್ರು. ಮೊದಲು ಹಗಲು ದರೋಡೆ ಅನ್ನಿಸ್ತು. ಆದ್ರೆ ಇಬ್ಬರು ಎರಡು ದಿನ ಮಷೀನ್ ಹಿಡಿದು ಮಾಡೋ ಕೆಲಸ ಅದು. ರೇಟು ಅನ್ಯಾಯ ಅಲ್ಲ. ವಿಷಯ ಏನಂದ್ರೆ, ಪಾಲಿಶ್ ಗೀರನ್ನ ತುಂಬಲ್ಲ, ಸುತ್ತಲಿನ ಕ್ಲಿಯರ್ ಕೋಟನ್ನೇ ಸವೆಸುತ್ತೆ. ಅದಿರೋದೇ ಸುಮಾರು 40-50 ಮೈಕ್ರಾನ್, ಒಂದು ತಲೆಗೂದಲಿನಷ್ಟು. ವರ್ಷಾ ವರ್ಷಾ ಮಾಡಿಸೋ ಹಾಗಿಲ್ಲ.

ಅಷ್ಟಕ್ಕೂ ಗೀರು ಬಂದಿದ್ದೆಲ್ಲಿಂದ? ದಿನಾ ಬೆಳಿಗ್ಗೆ ಕಾರು ಒರೆಸೋ ಹುಡುಗನಿಗೆ ತಿಂಗಳಿಗೆ 600 ಕೊಟ್ಟು, ಅರ್ಧ ಬಕೆಟ್ ನೀರು, ಹಳೇ ಬನಿಯನ್ನು ಕೈಗಿಟ್ಟವನು ನಾನೇ. ಧೂಳಿನ ಮೇಲೇ ಒರೆಸಿದ್ರೆ ಇನ್ನೇನಾಗುತ್ತೆ! ಈಗ ಎರಡು ಬಕೆಟ್, ಮೈಕ್ರೋಫೈಬರ್ ಬಟ್ಟೆ ತಂದುಕೊಟ್ಟು, ಸಂಬಳಕ್ಕೆ 300 ಸೇರಿಸಿದ್ದೀನಿ. ಹಳೇ ಗೀರು ಹಾಗೇ ಇದೆ, ಇರಲಿ ಬಿಡಿ.

ನೀವೇನಂತೀರಾ?