ಎರಡೆಕರೆ ಮೂವತ್ತು ಗುಂಟೆ, ಎರಡೆಕರೆ ಮೂರು ಗುಂಟೆಯಾದರೆ ಹೊಣೆ ಯಾರು?



ಮನೆಯಲ್ಲಿರುವ ಪಹಣಿ ತೆಗೆದು ವಿಸ್ತೀರ್ಣದ ಕಾಲಂ ನೋಡಿ. ೨.೩೦ ಎಂದಿದ್ದರೆ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಯಾವ ಹಳ್ಳಿಯ ಹುಡುಗನಾದರೂ ಓದುತ್ತಾನೆ: ಎರಡು ಎಕರೆ ಮೂವತ್ತು ಗುಂಟೆ. ಕಂಪ್ಯೂಟರ್ ಹಾಗೆ ಓದುವುದಿಲ್ಲ. ನಮ್ಮ ಚುಕ್ಕಿ ಅದಕ್ಕೆ ದಶಮಾಂಶದ ಚುಕ್ಕಿ. ಕೊನೆಯ ಸೊನ್ನೆಗೆ ಬೆಲೆಯಿಲ್ಲವೆಂದು ಕಿತ್ತು ೨.೩ ಎಂದು ತೋರಿಸುತ್ತದೆ. ಇನ್ನೊಂದು ಕಚೇರಿಯಲ್ಲಿ ಅದನ್ನು ಓದುವ ಗುಮಾಸ್ತ ಎರಡು ಎಕರೆ ಮೂರು ಗುಂಟೆ ಎನ್ನುತ್ತಾನೆ. ೨೭ ಗುಂಟೆ ಮಾಯ! ಗುಂಟೆಗೆ ೧೦೮೯ ಚದರಡಿ. ಗುಣಿಸಿಕೊಳ್ಳಿ ಸ್ವಾಮಿ.

ಇದು ಬಾಯಿಲೆಕ್ಕದ ತಮಾಷೆಯಲ್ಲ. ಒಂದು ಕಂಪ್ಯೂಟರಿನ ಮಾಹಿತಿಯನ್ನು ಇನ್ನೊಂದಕ್ಕೆ ಸುರಿಯುವ ಕೆಲಸ ಈಗ ಎಲ್ಲೆಡೆ ನಡೆದಿದೆ. ಪಹಣಿಯ ವಿವರ ರೈತರ ನೋಂದಣಿಗೆ ಹೋಗುತ್ತದೆ, ಅಲ್ಲಿಂದ ಬೆಳೆ ವಿಮೆಗೆ, ಬೆಳೆನಷ್ಟದ ಪರಿಹಾರಕ್ಕೆ. ೨೦೨೨ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ದೇಶದ ೬೩,೦೦೦ ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಒಂದೇ ತಂತ್ರಾಂಶಕ್ಕೆ ಕಟ್ಟಲು ೨,೫೧೬ ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಸಂಘದ ಸಾಲ ಎಕರೆಗೆ ಇಷ್ಟು ಎಂಬ ಲೆಕ್ಕದ ಮೇಲೆ ನಿಂತಿದೆ. ಎಕರೆ ತಪ್ಪಿದರೆ ಸಾಲವೂ ತಪ್ಪಿತು.

ನಮ್ಮ ಕಡೆಯ ಒಂದು ಸಂಘದವರು, ಹೆಸರು ಬೇಡ, ಹೊಸ ತಂತ್ರಾಂಶದಿಂದ ತೆಗೆದ ಸದಸ್ಯರ ಪಟ್ಟಿಯನ್ನು ನನ್ನ ಪ್ರೆಸ್ಸಿಗೆ ಅಚ್ಚಿಗೆ ತಂದಿದ್ದರು. ಹಲವರ ಜಮೀನಿನ ಎದುರು ಬರೀ ಸೊನ್ನೆ. ಹಳೆಯ ಪುಸ್ತಕ ತರಿಸಿದರೆ ಅಲ್ಲಿ ೧-೧೫-೮ ಎಂದು ಸ್ಪಷ್ಟವಾಗಿದೆ: ಒಂದು ಎಕರೆ, ಹದಿನೈದು ಗುಂಟೆ, ಎಂಟಾಣೆ. ಕಂಪ್ಯೂಟರ್ 'ಇನ್‌ವ್ಯಾಲಿಡ್ ಡೆಸಿಮಲ್ ವ್ಯಾಲ್ಯೂ' ಎಂದು ಇಂಗ್ಲಿಷಿನಲ್ಲಿ ಗದರಿದೆ. ಗುತ್ತಿಗೆಯ ಹುಡುಗರು ಸೊನ್ನೆ ಒತ್ತಿ ಮುಂದೆ ಹೋಗಿದ್ದಾರೆ. ಮೂರು ತಲೆಮಾರಿನಿಂದ ಉಳುತ್ತಿರುವವನು ಒಂದೇ ಗುಂಡಿಗೆ ಭೂರಹಿತ!

ತಪ್ಪು ಯಾರದು? ರೈತನದೇ? ಬರೆದಿಟ್ಟ ಗುಮಾಸ್ತನದೇ? ಅವರು ನಮ್ಮ ನಾಡಿನ ರೂಢಿಯಂತೆಯೇ ಬರೆದಿದ್ದಾರೆ. ೨೫೦೦/- ಎಂದು ಬರೆಯುವುದು ನಮ್ಮ ರೂಢಿ. ಮುಂದೆ 'ರೂ.' ಹಾಕುವುದೂ, ೧,೦೦,೦೦೦ ಎಂದು ಲಕ್ಷಕ್ಕೆ ಅಲ್ಪವಿರಾಮ ಇಡುವುದೂ ರೂಢಿ. ಹಾಗೇ ಸುರಿದರೆ ಇವೆಲ್ಲ ಯಂತ್ರಕ್ಕೆ ಗಂಟಲಲ್ಲಿ ಸಿಕ್ಕಿದ ಮುಳ್ಳು. ಕನ್ನಡ ಅಂಕಿಯಂತೂ ಬಹುಪಾಲು ದತ್ತಾಂಶ ತಂತ್ರಾಂಶಗಳಿಗೆ ಅಂಕಿಯೇ ಅಲ್ಲ, ಅಕ್ಷರ! ಇದರ ಜೊತೆಗೆ ಕಣ್ಣಿಗೆ ಕಾಣದ ಇನ್ನೊಂದು ಪೀಡೆಯಿದೆ. ಮೊಳೆ ಜೋಡಿಸುವ ಕಾಲದಲ್ಲಿ ಅಂಕಿಯ ಸೊನ್ನೆ ಸಾಲದಿದ್ದರೆ ನಮ್ಮ ಕೆಲಸದವರು ಅನುಸ್ವಾರದ ಮೊಳೆಯನ್ನೇ ಇಡುತ್ತಿದ್ದರು, ಕಾಗದದ ಮೇಲೆ ಎರಡೂ ಒಂದೇ. ಈಗ ಕೀಲಿಮಣೆಯಲ್ಲೂ ಅದೇ ಅಭ್ಯಾಸ. ಯಂತ್ರಕ್ಕೆ ಮಾತ್ರ ಅವೆರಡೂ ಬೇರೆ ಬೇರೆ. ಸಾಲು ತಿರಸ್ಕಾರವಾದಾಗ ಕಾರಣ ಯಾರ ಕಣ್ಣಿಗೂ ಬೀಳುವುದಿಲ್ಲ.

ಯಂತ್ರಕ್ಕೆ ಕಲಿಸಲು ಆಗದೇ? ಖಂಡಿತ ಆಗುತ್ತದೆ! ಜರ್ಮನಿಯವರು ಎರಡೂವರೆಯನ್ನು ೨,೫ ಎಂದು ಅಲ್ಪವಿರಾಮ ಹಾಕಿ ಬರೆಯುತ್ತಾರೆ. ಅವರಿಗಾಗಿ ಒರಾಕಲ್‌ನಂಥ ದೊಡ್ಡ ತಂತ್ರಾಂಶದಲ್ಲಿ ಪ್ರತ್ಯೇಕ ಏರ್ಪಾಡೇ ಇದೆ. ಯೂನಿಕೋಡ್ ೧೯೯೧ರಲ್ಲೇ ನಮ್ಮ ಹತ್ತೂ ಅಂಕಿಗೆ ಜಾಗ ಕೊಟ್ಟಿದೆ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಗೆ ೧೨೫ ಎಂದು ಕನ್ನಡದಲ್ಲೇ ಕೊಟ್ಟರೂ ನೂರಿಪ್ಪತ್ತೈದು ಎಂದೇ ಓದುತ್ತದೆ. ಜರ್ಮನಿಯ ಅಲ್ಪವಿರಾಮಕ್ಕೆ ಸಿಗುವ ಮರ್ಯಾದೆ ಹಲ್ಮಿಡಿ ಶಾಸನ ಸಿಕ್ಕ ಜಿಲ್ಲೆಯ ಗುಂಟೆಗೆ ಸಿಗದು, ಏಕೆಂದರೆ ಟೆಂಡರ್ ಬರೆಯುವ ಮಹಾಶಯರು ಕೇಳುವುದೇ ಇಲ್ಲ. ಕನ್ನಡದಲ್ಲಿ ಆಗದು ಎನ್ನುವವರಿಗೆ ಉತ್ತರ ನಮ್ಮ ಮನೆಯಲ್ಲೇ ಇದೆ: ಭೂಮಿ ಯೋಜನೆಯಲ್ಲಿ ಸುಮಾರು ೨ ಕೋಟಿ ಪಹಣಿಗಳು ಕನ್ನಡದಲ್ಲೇ ಕಂಪ್ಯೂಟರಿಗೆ ಏರಲಿಲ್ಲವೇ?

ಮಾಡಬೇಕಾದದ್ದು ಬ್ರಹ್ಮವಿದ್ಯೆಯಲ್ಲ. ಹಳೆಯ ಮಾಹಿತಿಯನ್ನು ಮೊದಲು ಅಕ್ಷರವಾಗಿಯೇ, ಒಂದು ಚುಕ್ಕಿಯನ್ನೂ ಬಿಡದೆ ಇಳಿಸಿಕೊಳ್ಳಲಿ. ಎಕರೆ, ಗುಂಟೆ, ಆಣೆಗೆ ಮೂರು ಬೇರೆ ಕಾಲಂ ಮಾಡಲಿ. ಗುಂಟೆಯ ಕಾಲಂನಲ್ಲಿ ೪೦ ಅಥವಾ ಮೇಲಿನ ಅಂಕಿ ಬಂದರೆ ಅಲ್ಲೇ ತಡೆಯಲಿ, ಎಕರೆಗೆ ೪೦ ಗುಂಟೆಯೇ ಅಲ್ಲವೇ? ಕೂಡಿಸುವಾಗ ಎಲ್ಲವನ್ನೂ ಗುಂಟೆ ಮಾಡಿಕೊಳ್ಳಲಿ. ಎರಡು ಎಕರೆ ಮೂವತ್ತೈದು ಗುಂಟೆ ಎಂದರೆ ೧೧೫ ಗುಂಟೆ, ಚುಕ್ಕಿಯ ಗೊಡವೆಯೇ ಇಲ್ಲ. ಅದನ್ನೇ ದಶಮಾಂಶ ಮಾಡಿದರೆ ೨.೮೭೫ ಎಕರೆ. ಎರಡೇ ಸ್ಥಾನಕ್ಕೆ ಜಾಗವಿದ್ದರೆ ೨.೮೮ ಆಗುತ್ತದೆ, ಸುಮಾರು ೨೧೮ ಚದರಡಿ ಹೆಚ್ಚುವರಿ. ಪಕ್ಕದ ಜಮೀನಿನವನು ಒಪ್ಪುತ್ತಾನೆಯೇ?

ಅಂಕಿಯಾಗಿ ಬದಲಾಗದ ಸಾಲುಗಳನ್ನು ಹೆಕ್ಕಿ ತೆಗೆಯಲು ಎಸ್‌ಕ್ಯೂಎಲ್ ಸರ್ವರ್‌ನಲ್ಲಿ 'ಟ್ರೈ ಕನ್ವರ್ಟ್' ಎಂಬ ಆಜ್ಞೆಯಿದೆ. ಅದು ಅಂಥ ಜಾಗವನ್ನು ಖಾಲಿ ಬಿಟ್ಟು ತೋರಿಸುತ್ತದೆ. ಖಾಲಿ ಬೇರೆ, ಸೊನ್ನೆ ಬೇರೆ. ಖಾಲಿ ಎಂದರೆ ವಿಚಾರಿಸಬೇಕು ಎಂದರ್ಥ, ಸೊನ್ನೆ ಎಂದರೆ ಜಮೀನೇ ಇಲ್ಲ ಎಂದರ್ಥ. ಈ ವ್ಯತ್ಯಾಸ ಗೊತ್ತಿಲ್ಲದವರಿಗೆ ಗುತ್ತಿಗೆ ಕೊಡಬೇಡಿ.

ತಿರಸ್ಕಾರವಾದ ಸಾಲುಗಳ ಪಟ್ಟಿಯನ್ನು ರೈತನ ಹೆಸರು, ಸರ್ವೆ ನಂಬರ್, ಹಳೆಯ ಬರಹ, ಹೊಸ ಅಂಕಿ ಸಹಿತ ಕನ್ನಡದಲ್ಲಿ ಅಚ್ಚು ಹಾಕಿ ಸಂಘದ ಬಾಗಿಲಿಗೆ, ಗ್ರಾಮ ಪಂಚಾಯಿತಿ ಫಲಕಕ್ಕೆ ಅಂಟಿಸಲಿ. ರೈತ ನೋಡಿ ಸಹಿ ಹಾಕಿದ ಮೇಲೆಯೇ ಹೊಸ ಲೆಕ್ಕ ಜಾರಿಗೆ ಬರಲಿ. ಬಂಧುಗಳೇ, ನಿಮ್ಮ ಸಂಘದ ಮುಂದಿನ ಮಹಾಸಭೆಯಲ್ಲಿ ಎದ್ದು ನಿಂತು ಆ ಪಟ್ಟಿ ಎಲ್ಲಿ ಎಂದು ಕೇಳಿ. ಅದು ಬರುವ ತನಕ ಹಳೆಯ ಪುಸ್ತಕಗಳನ್ನು ರದ್ದಿಗೆ ಹಾಕಲು ಯಾವ ಕಾರ್ಯದರ್ಶಿಗೂ ಬಿಡಬೇಡಿ.