ಅರ್ಧ ಎಕರೆ ನುಂಗಿದ ಫಾಂಟು

ನಮ್ಮೂರ ಶಾಲೆಗೆ ಐವತ್ತು ತುಂಬಿದಾಗ ಸ್ಮರಣ ಸಂಚಿಕೆ ತರೋಣ ಅಂತ ತೀರ್ಮಾನವಾಯಿತು. ಜರ್ನಲಿಸಂ ಓದಿದವನು ಅಂತ ಬರೆಯುವ ಕೆಲಸ ನನ್ನ ತಲೆಗೆ ಬಿತ್ತು. ಶಾಲೆಗೆ ಜಾಗ ಕೊಟ್ಟ ಮನೆತನದ ಬಗ್ಗೆ ಒಂದು ಲೇಖನ ಬರೆದೆ. ‘2½ ಎಕರೆ ದಾನ’ ಅಂತ ಟೈಪ್ ಮಾಡಿ, ಪಕ್ಕದಲ್ಲಿ ಸಣ್ಣ ಅಂಕಿ ಹಾಕಿ, ಈ ಮಾತು ಹೇಳಿದವರು ಯಾರು, ದಾನಪತ್ರ ಯಾರ ಮನೆಯಲ್ಲಿ ನೋಡಿದೆ ಅನ್ನುವುದನ್ನು ಲೇಖನದ ಕೊನೆಗೆ ಟಿಪ್ಪಣಿಯಾಗಿ ಸೇರಿಸಿದ್ದೆ.

ಪುಸ್ತಕ ಅಚ್ಚಾಗಿ ಬಂತು. ಅದರಲ್ಲಿ ‘2 ಎಕರೆ’ ಅಂತಿತ್ತು. ಟಿಪ್ಪಣಿ ಒಂದೂ ಇರಲಿಲ್ಲ.

ದಾನಿಯ ಮೊಮ್ಮಗ ಸಮಾರಂಭದ ದಿನ ಪಕ್ಕಕ್ಕೆ ಕರೆದು, “ಏನಪ್ಪಾ, ನಮ್ಮಜ್ಜನ ಅರ್ಧ ಎಕರೆ ಯಾರಿಗೆ ಬರೆದುಕೊಟ್ಟೆ?” ಅಂದರು. ನಗುತ್ತಲೇ ಅಂದರು. ಆದರೆ ಶಾಲೆಯ ಹಿಂದಿನ ಜಾಗದ ಬಗ್ಗೆ ಊರಲ್ಲಿ ಆಗಲೇ ಗುಸುಗುಸು ಇತ್ತು. ‘ಪುಸ್ತಕದಲ್ಲೇ ಎರಡೆಕರೆ ಅಂತ ಬಂದಿದೆಯಲ್ಲ’ ಅನ್ನುವವರಿಗೆ ನಾನೇ ಒಂದು ದಾಖಲೆ ಕೊಟ್ಟ ಹಾಗಾಗಿತ್ತು.

ತಾಲ್ಲೂಕು ಕೇಂದ್ರದ ಡಿಟಿಪಿ ಅಂಗಡಿಗೆ ಹೋಗಿ ಕೇಳಿದೆ. ಹುಡುಗ ಮರೆಮಾಚದೆ ಹೇಳಿದ: “ಅಣ್ಣಾ, ಅಲ್ಲಿ ‘2ಳಿ ಎಕರೆ’ ಅಂತ ಬಂದಿತ್ತು. ಟೈಪಿಂಗ್ ಮಿಸ್ಟೇಕು ಅಂದ್ಕೊಂಡು ‘ಳಿ’ ತೆಗೆದೆ.”

ಎಲ್ಲಿಂದ ಬಂತು ಈ ‘ಳಿ’? ನಾನು ಟೈಪ್ ಮಾಡಿದ್ದು ಯೂನಿಕೋಡ್‌ನಲ್ಲಿ. ಆ ಅಂಗಡಿಯಲ್ಲಿ ಪುಟ ಕಟ್ಟುವುದು ಪೇಜ್‌ಮೇಕರ್‌ನಲ್ಲಿ, ನುಡಿಯ ಹಳೆಯ ಫಾಂಟಿನಲ್ಲಿ. ಆ ಕಾಲದ ಫಾಂಟುಗಳಲ್ಲಿ ಕನ್ನಡಕ್ಕೆ ಅಂತ ಪ್ರತ್ಯೇಕ ಜಾಗ ಇರಲಿಲ್ಲ. ಇಂಗ್ಲಿಷ್ ಅಕ್ಷರ, ಚಿಹ್ನೆಗಳು ಕೂತಿದ್ದ ಕುರ್ಚಿಗಳ ಮೇಲೇ ಕನ್ನಡದ ತುಣುಕುಗಳನ್ನು ಕೂರಿಸಿದರು. ಪೌಂಡ್ ಚಿಹ್ನೆಯ ಕುರ್ಚಿಯಲ್ಲಿ ‘ನ’, ½ ಕುರ್ಚಿಯಲ್ಲಿ ‘ಳಿ’. ಅಂದರೆ ‘ಹಳ್ಳಿ’ ಅನ್ನುವ ಪದದ ಹೊಟ್ಟೆಯಲ್ಲೇ ಒಂದು ಅರ್ಧ ಇದೆ! ಯೂನಿಕೋಡ್‌ನಿಂದ ನುಡಿಗೆ ತಿರುಗಿಸುವ ತಂತ್ರಾಂಶ ಕನ್ನಡ ಅಕ್ಷರಗಳನ್ನು ಬದಲಿಸಿತು, ½ ತನಗೆ ಸಂಬಂಧವಿಲ್ಲ ಅಂತ ಹಾಗೇ ಬಿಟ್ಟಿತು. ಹಳೆಯ ಫಾಂಟು ಅದನ್ನು ‘ಳಿ’ ಅಂತ ತೋರಿಸಿತು.

ಹುಡುಗನ ತಪ್ಪು ಅಂತ ನನಗೆ ಅನಿಸುವುದಿಲ್ಲ. ಪುಟಕ್ಕೆ ಇಷ್ಟು ಅಂತ ಕಾಸು ತಗೊಂಡು ರಾತ್ರಿ ಹನ್ನೊಂದರವರೆಗೆ ಕೂತು ಕಟ್ಟುವವನಿಗೆ ನಮ್ಮೂರ ಎಕರೆ ಲೆಕ್ಕ ಹೇಗೆ ಗೊತ್ತಾಗಬೇಕು? ‘2 ಎಕರೆ 20 ಗುಂಟೆ’ ಅಂತ ನಮ್ಮಪ್ಪ ಬರೆಯುವ ಹಾಗೆ ಬರೆದಿದ್ದರೆ ಈ ರಗಳೆಯೇ ಇರುತ್ತಿರಲಿಲ್ಲ.

ರೂಪಾಯಿ ಚಿಹ್ನೆಯದೂ ಇದೇ ಪಾಡು. ₹ ಒಪ್ಪಿಗೆಯಾಗಿದ್ದು 2010ರ ಜುಲೈನಲ್ಲಿ. ಅದಕ್ಕಿಂತ ಹಿಂದಿನ ಫಾಂಟಿಗೆ ಅದು ಗೊತ್ತೇ ಇಲ್ಲ, ಖಾಲಿ ಡಬ್ಬಿ ತೋರಿಸುತ್ತದೆ. ದೇಣಿಗೆ ಪಟ್ಟಿಯಲ್ಲಿ ‘ರೂ.’ ಅಂತ ಬರೆದರೆ ಯಾರ ಗಂಟೂ ಹೋಗುವುದಿಲ್ಲ. ಔಷಧಿ ಸಿಂಪಡಣೆಯ ಕರಪತ್ರದಲ್ಲಂತೂ ½ ಲೀಟರ್ ಅನ್ನುವ ಜಾಗದಲ್ಲಿ ‘ಅರ್ಧ ಲೀಟರ್’ ಅಂತ ಅಕ್ಷರದಲ್ಲೇ ಬರೆಯಿರಿ. ಅಲ್ಲಿ ಹೋಗುವುದು ಮರ್ಯಾದೆ ಅಲ್ಲ, ಬೆಳೆ.

ಚಿಹ್ನೆ ಹೋದರೆ ಕಣ್ಣಿಗಾದರೂ ಬೀಳುತ್ತದೆ. ಟಿಪ್ಪಣಿ ಹೋದರೆ ಯಾರಿಗೂ ಗೊತ್ತಾಗುವುದಿಲ್ಲ. ನನಗೆ ಹೆಚ್ಚು ಸಂಕಟ ಅದರದ್ದೇ.

ಪೇಜ್‌ಮೇಕರ್‌ನಲ್ಲಿ ಟಿಪ್ಪಣಿ ಹಾಕುವ ಸೌಲಭ್ಯವೇ ಇಲ್ಲ. ಇನ್‌ಡಿಸೈನ್‌ಗೆ ಅಡಿಟಿಪ್ಪಣಿ ಬಂದಿದ್ದು 2005ರಲ್ಲಿ, ಕೊನೆಟಿಪ್ಪಣಿ ಬಂದಿದ್ದು 2017ರ ಕೊನೆಗೆ. ಹೀಗಾಗಿ ಅಂಗಡಿಯವರು ಲೇಖನದ ಮೈಯನ್ನು ಮಾತ್ರ ಕಾಪಿ ಮಾಡಿ ಅಂಟಿಸುವುದು ರೂಢಿ. ಟಿಪ್ಪಣಿ ವರ್ಡ್ ಫೈಲಿನಲ್ಲೇ ಉಳಿಯುತ್ತದೆ. ಸಣ್ಣ ಅಂಕಿಯನ್ನು ಕೈಯಿಂದ ಮೇಲೆ ಏರಿಸಿ ಹಾಕಿದ್ದರೆ ಇನ್ನೊಂದು ಎಡವಟ್ಟು: ಅದು ಕೆಳಗಿಳಿದು ಪಕ್ಕದ ಸಂಖ್ಯೆಗೆ ಅಂಟಿಕೊಳ್ಳುತ್ತದೆ. ವಿದುರಾಶ್ವತ್ಥದ ಗೋಲಿಬಾರ್ ನಡೆದ 1938ರ ಮುಂದೆ 3ನೇ ಟಿಪ್ಪಣಿ ಇದ್ದರೆ ‘19383’ ಆಗುತ್ತದೆ.

“ಟಿಪ್ಪಣಿ ಯಾರು ಓದ್ತಾರೆ ಬಿಡಿ” ಅಂತ ನಮ್ಮ ಸಮಿತಿಯ ಹಿರಿಯರೇ ಅಂದರು. ಪಟ್ಟಣದ ಪುಸ್ತಕದಲ್ಲಿ ಟಿಪ್ಪಣಿ ಅಂದರೆ ಇನ್ನೊಂದು ಪುಸ್ತಕದ ಹೆಸರು. ಅದು ಬಿದ್ದುಹೋದರೂ ಆ ಪುಸ್ತಕ ಲೈಬ್ರರಿಯಲ್ಲಿ ಇರುತ್ತದೆ. ನಮ್ಮೂರ ಪುಸ್ತಕದಲ್ಲಿ ಟಿಪ್ಪಣಿ ಅಂದರೆ ಜಗಲಿ ಮೇಲೆ ಕೂತು ನನಗೆ ಕಥೆ ಹೇಳಿದ ಅಜ್ಜಿಯ ಹೆಸರು. ಮೈಲೇಖನದಲ್ಲಿ ದಾನಿ ಇದ್ದಾರೆ, ಅಧ್ಯಕ್ಷರು ಇದ್ದಾರೆ, ಫೋಟೋ ಸಮೇತ. ಆ ಅಜ್ಜಿ ಇದ್ದದ್ದು ಟಿಪ್ಪಣಿಯಲ್ಲಿ ಮಾತ್ರ. ಅದು ಬಿದ್ದರೆ ಅವಳು ಊರ ಚರಿತ್ರೆಯಿಂದಲೇ ಬಿದ್ದಂತೆ.

ಈಗ ನಾನು ಅಂಗಡಿಯವರ ಹತ್ತಿರ ಹಟ ಮಾಡುತ್ತೇನೆ. ಸಾಧ್ಯವಾದರೆ ಇನ್‌ಡಿಸೈನ್‌ನಲ್ಲಿ, ಯೂನಿಕೋಡ್‌ನಲ್ಲೇ ಕಟ್ಟಿ ಅಂತ. ಫೈಲನ್ನು ಅಂಟಿಸದೆ ‘ಪ್ಲೇಸ್’ ಮಾಡಬೇಕು, ಆಗ ‘ಶೋ ಇಂಪೋರ್ಟ್ ಆಪ್ಷನ್ಸ್’ ಒತ್ತಿ ಟಿಪ್ಪಣಿಗಳಿಗೆ ಟಿಕ್ ಹಾಕಬೇಕು. ಒತ್ತಕ್ಷರ ಒಡೆದರೆ ‘ವರ್ಲ್ಡ್ ರೆಡಿ ಕಂಪೋಸರ್’ ಆರಿಸಬೇಕು. ಪೇಜ್‌ಮೇಕರ್ ಬಿಟ್ಟು ಬೇರೆ ಗತಿಯಿಲ್ಲ ಅಂದರೆ, ಟಿಪ್ಪಣಿ ಸೌಲಭ್ಯವನ್ನೇ ಬಳಸುವುದಿಲ್ಲ. ವಾಕ್ಯದ ಪಕ್ಕ ಆವರಣದಲ್ಲಿ ‘ಟಿ. 1’ ಅಂತ ಸಾದಾ ಅಕ್ಷರದಲ್ಲಿ ಬರೆದು, ಟಿಪ್ಪಣಿಗಳನ್ನೆಲ್ಲ ಲೇಖನದ ಕೊನೆಯ ಪ್ಯಾರಾ ಮಾಡಿ ಕೊಡುತ್ತೇನೆ. ನೋಡಲು ಚಂದ ಇಲ್ಲ ನಿಜ. ಜೊತೆಗೆ ಮೂಲದ ಪಿಡಿಎಫ್ ಒಂದನ್ನು ಕಳಿಸಿ, ಪ್ರೂಫ್ ಬಂದಾಗ ಬೇರೇನೂ ನೋಡದೆ ಮೊದಲು ಸಂಖ್ಯೆಗಳನ್ನಷ್ಟೇ ಬೆರಳಿಟ್ಟು ತಾಳೆ ನೋಡುತ್ತೇನೆ.

ಆ ಸಂಚಿಕೆಗೆ ಕಡೆಗೆ ತಿದ್ದುಪಡಿ ಚೀಟಿ ಮಾಡಿಸಿದೆವು. ಒಂದು ಸಾಲು ಎಕರೆ ಗುಂಟೆಯದು, ಕೆಳಗೆ ಕಥೆ ಹೇಳಿದ ಏಳು ಜನರ ಹೆಸರು. ಹಂಚದೆ ಉಳಿದಿದ್ದ ಪ್ರತಿಗಳಿಗೆ ಶಾಲೆ ಮಕ್ಕಳೇ ಗೋಂದು ಹಚ್ಚಿ ಅಂಟಿಸಿದರು. ಹಂಚಿಹೋದ ಪ್ರತಿಗಳಿಗೆ ಅಂತ ಇನ್ನೂ ಒಂದು ಕಟ್ಟು ಚೀಟಿ ನನ್ನ ಹತ್ತಿರ ಇದೆ. ನಿಮ್ಮ ಮನೆಯಲ್ಲಿ ಆ ಪುಸ್ತಕ ಇದ್ದರೆ ಕೇಳಿ ಪಡೆಯಿರಿ.