ಜಲಸಂಗ್ವಿ ನೋಡಿ ಬಂದು ಜಗಳವಾಡಿ

ಪಾಲಂಪೇಟೆಯ ರಾಮಪ್ಪ ಗುಡಿಗೆ 2021ರಲ್ಲಿ ಯುನೆಸ್ಕೋ ಮುದ್ರೆ ಬಿತ್ತು. ಬೇಲೂರು, ಹಳೇಬೀಡು, ಸೋಮನಾಥಪುರಗಳಿಗೆ ಬಿದ್ದದ್ದು 2023ರಲ್ಲಿ. ಆಗ ಶುರುವಾದ ಪಂಚಾಯಿತಿ ಇನ್ನೂ ಮುಗಿದಿಲ್ಲ. ನಮ್ಮ ವೃತ್ತಿಬಾಂಧವ ಮಾಸಿಕವೊಂದು ಮೊನ್ನೆ ರಾಮಪ್ಪ ಗುಡಿಯ ಮದನಿಕೆಯರನ್ನು ಬೇಲೂರಿನ ನಕಲು ಎಂದು ಒಂದೇ ಸಾಲಿನಲ್ಲಿ ತೀರ್ಮಾನಿಸಿ ಕೈತೊಳೆದುಕೊಂಡಿತು. ಇಲ್ಲಿನ ತೆಲುಗು ಗೆಳೆಯರೇನೂ ಕಡಿಮೆಯಿಲ್ಲ. ಅವರ ಪ್ರಕಾರ ಕಾಕತೀಯ ಶಿಲ್ಪಕ್ಕೆ ಹಿಂದಿಲ್ಲ ಮುಂದಿಲ್ಲ, ಓರುಗಲ್ಲಿನ ನೆಲದಿಂದ ನೇರ ಎದ್ದು ಬಂದದ್ದು. ಹೈದರಾಬಾದಿನ ಉಪ್ಪಲ್‌ನಲ್ಲಿ ಕೂತು ಕನ್ನಡ ಪತ್ರಿಕೆ ನಡೆಸುವವರು ಎರಡೂ ಕಡೆಯಿಂದ ಬೈಸಿಕೊಳ್ಳುವುದು ಇದ್ದದ್ದೇ. ಈ ಸಲ ಎರಡೂ ಕಡೆಯವರನ್ನು ನಾವೇ ಬೈಯೋಣವೆಂದುಕೊಂಡಿದ್ದೇವೆ.

ಮೊದಲು ಒಂದು ಇಸವಿ. ಬೇಲೂರಿನಲ್ಲಿ ವಿಷ್ಣುವರ್ಧನ ವಿಜಯನಾರಾಯಣನನ್ನು ಪ್ರತಿಷ್ಠಾಪಿಸಿದ್ದು 1117ರಲ್ಲಿ. ಅದೇ ಹೊತ್ತಿಗೆ ಹನುಮಕೊಂಡದ ಪದ್ಮಾಕ್ಷಿ ಗುಡ್ಡದ ಮೇಲೆ ಕಾಕತೀಯ ಪ್ರೋಲನ ಕಾಲದ ಒಂದು ಕನ್ನಡ ಶಾಸನ ಬರೆಸಲಾಯಿತು. ಅದರ ಕಾಲಗಣನೆ ಚಾಲುಕ್ಯ ವಿಕ್ರಮವರ್ಷ 42. ಬೇಲೂರಿನ ದೊರೆಯೂ ಹನುಮಕೊಂಡದ ದೊರೆಯೂ ಆಗ ಕಲ್ಯಾಣದ ಆರನೆಯ ವಿಕ್ರಮಾದಿತ್ಯನ ಮಾಂಡಲಿಕರು. ಒಬ್ಬ ಮನಸ್ಸಿಲ್ಲದ ಮಾಂಡಲಿಕ, ಇನ್ನೊಬ್ಬ ಸಮಯ ಕಾಯುತ್ತಿದ್ದ ಮಾಂಡಲಿಕ, ಅಷ್ಟೇ ವ್ಯತ್ಯಾಸ. ಇದನ್ನು ಬಿಟ್ಟು ಬೇಲೂರಿಗೂ ಪಾಲಂಪೇಟೆಗೂ ನೇರ ಗೆರೆ ಎಳೆಯುವವರಿಗೆ ಏನು ಹೇಳೋಣ? ರಾಮಪ್ಪ ಗುಡಿಯ ಶಾಸನ 1213ರದು, ಸೋಮನಾಥಪುರದ ಕೇಶವನ ಪ್ರತಿಷ್ಠೆ 1258ರಲ್ಲಿ. ಇಸವಿಯ ಲೆಕ್ಕವೊಂದೇ ಸಾಕೆಂದರೆ ಸೋಮನಾಥಪುರವೇ ಪಾಲಂಪೇಟೆಯ ನಕಲು ಎಂದು ನಾಳೆ ವರಂಗಲ್ಲಿನವರು ಬರೆದಾರು. ಆಗ ನಮ್ಮವರ ಮುಖ ನೋಡಬೇಕು.

ಉತ್ತರ ಇರುವುದು ಬೀದರ ಜಿಲ್ಲೆಯಲ್ಲಿ. ಹೈದರಾಬಾದಿನಿಂದ ಪಡುವಣಕ್ಕೆ ಜಹೀರಾಬಾದ್ ದಾಟಿ ಹೋದರೆ ಹುಮನಾಬಾದ್, ಆ ತಾಲ್ಲೂಕಿನಲ್ಲಿ ಜಲಸಂಗ್ವಿ. ಅಲ್ಲಿನ ಶಿವಾಲಯದ ಹೊರಗೋಡೆಯ ತುಂಬ ಸುಂದರಿಯರು ನಿಂತಿದ್ದಾರೆ. ನಡು ತಿರುಚಿ, ಒಂದು ಕಾಲಿನ ಮೇಲೆ ಭಾರ ಹಾಕಿ, ಗೋಡೆಯಿಂದ ಎಷ್ಟು ಮುಂದೆ ಬಂದಿದ್ದಾರೆಂದರೆ ಬೆನ್ನು ಮಾತ್ರ ಕಲ್ಲಿಗೆ ಅಂಟಿಕೊಂಡಿದೆ. ಒಬ್ಬಳು ನಮಗೆ ಬೆನ್ನು ತೋರಿಸಿ ಶಾಸನ ಬರೆಯುತ್ತಿದ್ದಾಳೆ. ಅವಳು ಬರೆಯುತ್ತಿರುವುದು ವಿಕ್ರಮಾದಿತ್ಯನ ಹೊಗಳಿಕೆ. ಲಿಪಿ ಬಲ್ಲ ಹೆಂಗಸನ್ನು ಗುಡಿಯ ಗೋಡೆಯ ಮೇಲೆ ನಿಲ್ಲಿಸಿದ ಆ ಶಿಲ್ಪಿಯ ಎದೆಗಾರಿಕೆಗೆ ನಮ್ಮ ಕ್ಯಾಲೆಂಡರುಗಳಲ್ಲಿ ಜಾಗವಿಲ್ಲ. ಅಲ್ಲಿ ವರ್ಷದಿಂದ ವರ್ಷಕ್ಕೆ ದರ್ಪಣಸುಂದರಿಯದೇ ಪಾಳಿ.

ಜಲಸಂಗ್ವಿಯ ಗೋಡೆಯಲ್ಲಿದ್ದ ಸುಂದರಿಯನ್ನು ಬೇಲೂರಿನವರು ಕಂಬದ ಮೇಲಕ್ಕೆ ಹತ್ತಿಸಿದರು. ಸೂರಿನ ಕೆಳಗೆ ಓರೆಯಾಗಿ ನಿಲ್ಲಿಸಿ, ತಲೆಯ ಮೇಲೆ ಬಳ್ಳಿಯ ಚಪ್ಪರ ಹೊದಿಸಿದರು. ಆಗಷ್ಟೇ ಕಿತ್ತ ಬಳಪದ ಕಲ್ಲು ಉಳಿಗೆ ಬಗ್ಗುತ್ತದೆ, ಆಮೇಲೆ ಗಟ್ಟಿಯಾಗುತ್ತದೆ. ಹಾಗಾಗಿ ಎಷ್ಟು ಒಡವೆ ಬೇಕಾದರೂ ತೊಡಿಸಬಹುದಿತ್ತು. ಪಾಲಂಪೇಟೆಯವನ ಕೈಗೆ ಬಂದದ್ದು ಹಟಮಾರಿ ಕರಿಕಲ್ಲು. ಅವನು ಚಪ್ಪರ ಕಿತ್ತುಹಾಕಿದ, ಒಡವೆ ಇಳಿಸಿದ, ಮೈಯನ್ನು ಉದ್ದಕ್ಕೆ ಎಳೆದ, ಕೊನೆಗೆ ಉಜ್ಜಿ ಉಜ್ಜಿ ಹೊಳಪು ತಂದ. ಕೆಂಪು ಮರಳುಗಲ್ಲಿನ ಗುಡಿ, ಬಾಗಿಲ ಕಡೆಗಳಲ್ಲಿ ಸೂರಿಗೆ ಓರೆಯಾಗಿ ನಿಂತ ಹನ್ನೆರಡು ಕಪ್ಪು ಹೆಂಗಸರು: ದೂರದಿಂದ ಮೊದಲು ಕಣ್ಣಿಗೆ ಬೀಳುವುದು ಆ ಬಣ್ಣದ ವಿರೋಧವೇ. ಶಿಖರಕ್ಕೆ ನೀರಿನಲ್ಲಿ ತೇಲುವಷ್ಟು ಹಗುರವಾದ ಇಟ್ಟಿಗೆ ಸುಟ್ಟು ಹೊರಿಸಿದ್ದಾನೆ. ಇಷ್ಟೆಲ್ಲ ಯೋಚಿಸಿದವನನ್ನು ನಕಲುಗಾರ ಎನ್ನಲು ನಾಲಿಗೆ ಹೇಗೆ ತಿರುಗುತ್ತದೋ! ಬೇಲೂರಿನವಳೂ ಪಾಲಂಪೇಟೆಯವಳೂ ಅಕ್ಕತಂಗಿಯರ ಮಕ್ಕಳು. ಇಬ್ಬರ ಅಜ್ಜಿಮನೆ ಕಲ್ಯಾಣದ ಸೀಮೆ.

ತೆಲುಗು ಗೆಳೆಯರಿಗೂ ಎರಡು ಮಾತು. ನಮ್ಮ ಉಪ್ಪಲ್‌ನಲ್ಲೇ ವರಂಗಲ್ ಬಸ್ಸು ಹತ್ತಿ. ದಾರಿಯಲ್ಲಿ ಸಿಗುವ ಭುವನಗಿರಿ ಕೋಟೆಗೆ ಆ ಹೆಸರು ಬಂದದ್ದು ತ್ರಿಭುವನಮಲ್ಲ ಎಂಬ ವಿಕ್ರಮಾದಿತ್ಯನ ಬಿರುದಿನಿಂದ. ಆಲೇರಿನಲ್ಲಿ ತಿರುಗಿದರೆ ಕೊಲನುಪಾಕ, ನಮ್ಮ ಶಾಸನಗಳ ಕೊಲ್ಲಿಪಾಕೆ. ರೇಣುಕಾಚಾರ್ಯರು ಉದ್ಭವಿಸಿದರೆಂದು ವೀರಶೈವರು ನಂಬುವ ಸೋಮೇಶ್ವರ ಅಲ್ಲಿದ್ದಾನೆ. ರಾಜೇಂದ್ರ ಚೋಳ ತಾನು ಗೆದ್ದ ಊರುಗಳ ಪಟ್ಟಿಯಲ್ಲಿ ಬನವಾಸಿಯ ಜೊತೆಗೆ ಹೇಳಿಕೊಂಡ ಊರು ಅದು. ಆ ಗುಡಿಯ ಪ್ರಾಕಾರದಲ್ಲೇ ವಸ್ತುಸಂಗ್ರಹಾಲಯವಿದೆ. ತಿರುಗಣೆಯಲ್ಲಿ ಕಡೆದ ಕಂಬಗಳನ್ನು ನೋಡಿ, ಆಮೇಲೆ ಹನುಮಕೊಂಡದ 1163ರ ಸಾವಿರ ಕಂಬದ ಗುಡಿಗೆ ಹೋಗಿ. ಕಾಕತೀಯ ರುದ್ರದೇವ ಕಲ್ಯಾಣದ ನೊಗ ಕಿತ್ತೊಗೆದ ಕಾಲದ ಗುಡಿ ಅದು, ಶಾಸನ ಬರೆಸಿದ್ದು ಸಂಸ್ಕೃತದಲ್ಲಿ. ಅರಸ ಸ್ವತಂತ್ರನಾದ, ಅವನ ಕಂಬ ಕಡೆಯುವವರು ಮಾತ್ರ ಕಲಿತದ್ದನ್ನು ಮರೆಯಲಿಲ್ಲ.

ಹಾಗೆಂದು ಕನ್ನಡ ಶಾಸನ ಸಿಕ್ಕಲ್ಲೆಲ್ಲ ಗುಡಿಯೂ ನಮ್ಮದೇ ಎಂದು ಬಾವುಟ ನೆಡುವವರ ಸಾಲಿಗೆ ನಮ್ಮನ್ನು ಸೇರಿಸಬೇಡಿ. 1956ರ ಗಡಿಯನ್ನು ಹನ್ನೆರಡನೆಯ ಶತಮಾನಕ್ಕೆ ಹೊರಿಸುವ ಚಟ ಅವರದು. ಇಷ್ಟು ಅಭಿಮಾನವಿದ್ದವರು ಇಟಗಿಯ ಮಹಾದೇವ ದೇವಾಲಯವನ್ನಾದರೂ ನೋಡಿದ್ದಾರೆಯೇ? 1112ರಲ್ಲಿ ಕಟ್ಟಿಸಿದ ಅದನ್ನು ಅಲ್ಲಿನ ಶಾಸನವೇ ದೇವಾಲಯ ಚಕ್ರವರ್ತಿ ಎಂದಿದೆ. ಬೇಲೂರಿಗೆ ಬಸ್ಸುಗಟ್ಟಲೆ ಹೋಗುವ ಬೆಂಗಳೂರಿಗರಲ್ಲಿ ಎಷ್ಟು ಜನ ಕೊಪ್ಪಳ ಜಿಲ್ಲೆಯ ಆ ಊರಿಗೆ ಹೋಗಿದ್ದಾರು? ಆ ಸೀಮೆಗೆ ಕಲ್ಯಾಣ ಕರ್ನಾಟಕ ಎಂದು 2019ರಲ್ಲಿ ಹೆಸರು ಬದಲಾಯಿಸಿದ್ದಾಯಿತು. ಕಲ್ಯಾಣದವರ ಕೆಲಸ ನೋಡುವುದು ಮಾತ್ರ ಬಾಕಿ.

ಹೊಗಳುವವರ ಕಾಟ ಬೇರೆ. ನಮಗೆ ಬರುವ ಗುಡಿ ಲೇಖನಗಳಲ್ಲಿ ಹತ್ತಕ್ಕೆ ಒಂಬತ್ತು 'ಕಲ್ಲಿನಲ್ಲಿ ಅರಳಿದ ಕಾವ್ಯ' ಎಂದೇ ತೆರೆಯುತ್ತವೆ. ನವರಂಗ ಎಷ್ಟು ಅಂಕಣದ್ದು, ಕಕ್ಷಾಸನ ಯಾವ ಕಡೆಗಿದೆ, ಭುವನೇಶ್ವರಿಯ ಭಾರ ಎಲ್ಲಿಗೆ ಇಳಿಯುತ್ತದೆ, ಒಂದನ್ನೂ ಹೇಳುವುದಿಲ್ಲ. ಆ ಪದಪುಂಜಕ್ಕೆ ಈ ಸಂಚಿಕೆಯಿಂದ ಬಹಿಷ್ಕಾರ. ಸಾವಿರ ಕಂಬದ ಗುಡಿಯ ಕಲ್ಯಾಣಮಂಟಪವನ್ನು ದುರಸ್ತಿಗೆಂದು ಬಿಚ್ಚಿಟ್ಟು, ಮತ್ತೆ ಜೋಡಿಸಿ ತೆರೆದದ್ದು 2024ರಲ್ಲಿ, ಹೆಚ್ಚುಕಡಿಮೆ ಎರಡು ದಶಕದ ಮೇಲೆ. ಅಷ್ಟೂ ಕಾಲ ಯಾವ ಕವಿಹೃದಯವೂ ಮಿಡಿದಂತೆ ಕಾಣಲಿಲ್ಲ. (ಉಪ್ಪಲ್–ನಾರಪಳ್ಳಿ ಮೇಲುಸೇತುವೆಯ ಬೋಳು ಕಂಬಗಳ ಕೆಳಗೆ ಓಡಾಡಿದ ನಮಗೆ ಕಾಯುವುದು ಅಭ್ಯಾಸವಾಗಿದೆ, ಅದು ಬೇರೆ ಮಾತು.)

ಈ ಸಂಚಿಕೆಯ ವಿಷಯ ಗುಡಿಗಳ ವಾಸ್ತು. ವೃತ್ತಿಬಾಂಧವರು ಉತ್ತರ ಬರೆದರೆ ಒಂದಕ್ಷರ ಕತ್ತರಿಸದೆ ಅಚ್ಚು ಹಾಕುತ್ತೇವೆ. ಜಲಸಂಗ್ವಿಯ ಗೋಡೆಯನ್ನು ಕಣ್ಣಾರೆ ಕಂಡು ಬರೆದಿರಬೇಕು, ಷರತ್ತು ಅದೊಂದೇ.